ಮುರಳೀಧರ ಕಟ್ಟಿಸಿದ ಸೆಲ್ಲು

“ಸೆರೆಮನಿ ಕಟ್ಟಸಾಕತ್ತೀರಿ ಅಂತ ಕೇಳಿ ಭಾಳ ಸಂತೋಷ ಆತು ನೋಡ್ರಿ,” ಅಂದರು ಈರಣ್ಣನವರು, ತಟ್ಟೆಯಲ್ಲಿದ್ದ ಬಿಸಿಬೇಳೆಭಾತಿನ ಮೇಲೆ ಖಾರಾಬೂಂದಿ ಉದುರಿಸಿಕೊಳ್ಳುತ್ತ. “ನಮ್ಮ ಪೈಕಿ ಒಬ್ಬರು ಇಷ್ಟು ಮ್ಯಾಲೆ ಹೋಗಿದ್ದು ನಮ್ಮ ಸಂಘಕ್ಕೇ ಹೆಮ್ಮೆ.”

ಈರಣ್ಣನವರು ಗದಗಿನ ಕಡೆಯವರು, ವೃತ್ತಿಯಲ್ಲಿ ಮೂಳೆ ಡಾಕ್ಟರು, ಪ್ರವೃತ್ತಿಯಲ್ಲಿ ಕನ್ನಡ ಸಂಘದ ಅಧ್ಯಕ್ಷರು. ಮನೆಗೊಂದು ಅಡುಗೆ ಮಾಡಿ ತರುವ ಸಂಕ್ರಾಂತಿಯ ಪಾಟ್‌ಲಕ್ ಊಟ ನಡೆಯುತ್ತಿದ್ದದ್ದು ಒಂದು ಎಲಿಮೆಂಟರಿ ಶಾಲೆಯ ಕೆಫೆಟೇರಿಯಾದಲ್ಲಿ. ಆರು ವರ್ಷದ ಮಕ್ಕಳಿಗೆಂದು ಮಾಡಿದ ಬೆಂಚುಗಳ ಮೇಲೆ ಐವತ್ತು ದಾಟಿದ ಗಂಡಸರು ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು.

“ಸೆರೆಮನೆ ಅಲ್ಲ ಸಾರ್,” ಅಂದ ಮುರಳೀಧರ. “ಕೋರ್ಟಲ್ಲಿ ಕಸ್ಟಡಿ ಸೆಲ್ಲು. ಜೈಲಿಂದ ಕರ್ಕೊಂಡು ಬಂದವರು ಜಡ್ಜ್ ಮುಂದೆ ಹೋಗೋವರೆಗೂ ಕಾಯ್ತಾ ಕೂತಿರ್ತಾರಲ್ಲ, ಆ ರೂಮುಗಳು.”

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಅಷ್ಟರಲ್ಲಿ ಪಕ್ಕದ ಮೇಜಿನ ಇಬ್ಬರು ಹೆಂಗಸರು ಈ ಕಡೆ ತಿರುಗಿ ನೋಡಿದರು. ತನ್ನ ಮಾತಿಗೆ ಹೆಂಗಸರು ತಿರುಗಿ ನೋಡುವುದು ಮುರಳೀಧರನ ಬಾಳಿನಲ್ಲಿ ದಿನನಿತ್ಯದ ಸಂಗತಿಯಲ್ಲ. “ಪ್ಲಾನು, ಬಜೆಟ್ಟು, ಎಲ್ಲ ನಮ್ಮ ಕಮಿಟೀನೇ ನೋಡೋದು,” ಎಂದು ಸೇರಿಸಿಬಿಟ್ಟ. ಮುಂದೆ ಆದದ್ದೆಲ್ಲ ಈ ಒಂದು ವಾಕ್ಯದಿಂದ ಆಯಿತು.

ನಿಜ ಏನೆಂದರೆ, ಮುರಳೀಧರ ಆ ಕಮಿಟಿಗೆ ಸೇರಿದ್ದು ಒಣಗಿದ ಎಲೆಗಳ ದೆಸೆಯಿಂದ. ಹಿಂದಿನ ನವೆಂಬರಿನಲ್ಲಿ ಅವನು ಬೀದಿಯಂಚಿಗೆ ಗುಡ್ಡೆ ಹಾಕಿದ್ದ ಎಲೆಗಳನ್ನು ಕೌಂಟಿಯ, ಅಂದರೆ ಅಲ್ಲಿನ ಜಿಲ್ಲಾಡಳಿತದ, ಲಾರಿ ಎತ್ತಿಕೊಂಡು ಹೋಗಿರಲಿಲ್ಲ. ದೂರು ಕೊಡಲೆಂದು ಕೌಂಟಿಯ ಕಟ್ಟಡಕ್ಕೆ ಹೋದವನು ತಪ್ಪು ಕೋಣೆಗೆ ನುಗ್ಗಿದ. ಯಾರೋ ವಯಸ್ಸಾದ ಹೆಂಗಸು ಕೈಗೆ ಕಾಫಿ ಕೊಟ್ಟಳು. ಕಾಫಿ ಕೊಟ್ಟವರ ಮುಂದೆ ಎದ್ದು ಹೋಗುವುದು ಮರ್ಯಾದೆಯಲ್ಲವೆಂದು ಕೂತ. ಸ್ವಲ್ಪ ಹೊತ್ತಾದ ಮೇಲೆ, ಎಲೆಯ ವಿಷಯ ಯಾವಾಗ ಬರುತ್ತದೆಂದು ಕೇಳಲು ಕೈ ಎತ್ತಿದ. ವೇದಿಕೆಯ ಮೇಲಿದ್ದವರು ಅದೇ ಗಳಿಗೆಯಲ್ಲಿ, ಕೋರ್ಟ್ ಕಟ್ಟಡದ ಸಲಹಾ ಸಮಿತಿಗೆ ಒಬ್ಬ ನಾಗರಿಕ ಬೇಕಾಗಿದ್ದಾನೆ, ಯಾರಾದರೂ ಇದ್ದೀರಾ ಎಂದು ಕೇಳಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನು ‘ಇಲ್ಲ’ ಎಂಬ ಪದವೋ, ಅದು ಮುರಳೀಧರನ ಗಂಟಲಿನಿಂದ ಈವರೆಗೆ ಸರಾಗವಾಗಿ ಹೊರಬಿದ್ದದ್ದೇ ಇಲ್ಲ. ಮನೆ ಬಾಗಿಲಿಗೆ ಬಂದವರಿಗೆಲ್ಲ ಹೂಂ ಎಂದು ಹೂಂ ಎಂದು ಅವನ ಮನೆಯಲ್ಲಿ ಈಗ ವ್ಯಾಕ್ಯೂಮ್ ಕ್ಲೀನರುಗಳೇ ಮೂರಿವೆ. ಎಲೆಗಳು ವಸಂತದವರೆಗೆ ಅಲ್ಲೇ ಕೊಳೆತವು.

ಶ್ಯಾಂಟಿಲಿ ಪಟ್ಟಣದ ಕಂಪನಿಗಳಲ್ಲಿ ಕೆಲಸ ಮಾಡುತ್ತ, ಶ್ಯಾಂಟಿಲಿಯಲ್ಲಿ ಮನೆ ಕೊಳ್ಳಲಾಗದ ಜನ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ಡ್ರೈವ್ ಮಾಡಿ ಸೇರಿಕೊಂಡ ಸಣ್ಣ ಕೌಂಟಿ ಅದು. ಅಲ್ಲಿನ ಕೋರ್ಟು ಎಂದರೆ ನಾಲ್ಕು ಬಿಳಿ ಕಂಬದ ಒಂದು ಹಳೆಯ ಇಟ್ಟಿಗೆ ಕಟ್ಟಡ. ಕಟ್ಟಿದವರಿಗೆ ಕೈದಿಗಳು ಎಲ್ಲಿ ಕೂರಬೇಕು ಎಂಬ ಯೋಚನೆ ಬಂದಿರಲಿಲ್ಲ. ಹಾಗಾಗಿ ಜೈಲಿನ ವ್ಯಾನಿನಲ್ಲಿ ಬಂದವರನ್ನು ಹಳೆಯ ಫೈಲುಗಳ ಕೋಣೆಯಲ್ಲಿ, ಸೋಡಾ ಮೆಷಿನ್ನಿನ ಪಕ್ಕ ಕೂರಿಸುತ್ತಿದ್ದರು. ಒಮ್ಮೆ ಒಬ್ಬ ಕೈದಿ ಎದ್ದು ಮುಂಬಾಗಿಲಿನಿಂದಲೇ ನಡೆದು ಹೋಗಿ, ಎದುರಿನ ಪಿಜ್ಜಾ ಅಂಗಡಿಯಲ್ಲಿ ಸರದಿಯಲ್ಲಿ ನಿಂತಿದ್ದಾಗ ಸಿಕ್ಕಿಬಿದ್ದ. ಆಮೇಲೆ ಹೊಸ ಸೆಲ್ಲು, ಅದಕ್ಕೆ ಸಾಲ, ಸಾಲಕ್ಕೆ ಸಭೆ, ಸಭೆಗೆ ಸಮಿತಿ ಎಂದು ಎಲ್ಲ ಹುಟ್ಟಿಕೊಂಡವು. ಸಮಿತಿಯ ಕೆಲಸ ಸಲಹೆ ಕೊಡುವುದು. ಆ ಸಲಹೆಯನ್ನು ಯಾರೂ ಕೇಳಲೇಬೇಕೆಂಬ ಕಟ್ಟುಪಾಡು ಇರಲಿಲ್ಲ.

ಇದನ್ನೆಲ್ಲ ಸಂಘದವರಿಗೆ ಹೇಳುವವರಾರು? ಪಾಟ್‌ಲಕ್ ಮುಗಿದ ವಾರದೊಳಗೆ ಮುರಳೀಧರನ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ರೆಸ್ಟನ್ನಿನ ಪ್ರತಾಪ್ ತನ್ನ ಸ್ಪೀಡಿಂಗ್ ಟಿಕೆಟ್ಟನ್ನು ‘ಸ್ವಲ್ಪ ನೋಡ್ಕೊಳ್ಳಿ’ ಎಂದ. ಇನ್ನೊಬ್ಬರು ಪಕ್ಕದ ಮನೆಯವನ ಬೇಲಿ ತಮ್ಮ ಜಾಗಕ್ಕೆ ಅಂಗೈಯಗಲ ಬಂದಿದೆ, ಜಡ್ಜಿಗೆ ಒಂದು ಮಾತು ಹಾಕಿ ಎಂದರು. ವಾಸ್ತು ತಿಳಿದ ಒಬ್ಬ ಹಿರಿಯರಂತೂ ಸೆಲ್ಲಿನ ಪ್ಲಾನನ್ನೇ ತರಿಸಿಕೊಂಡು ನೋಡಿ, ಸ್ಟೀಲಿನ ಟಾಯ್ಲೆಟ್ಟು ಈಶಾನ್ಯಕ್ಕೆ ಬಿದ್ದಿದೆ, ಇಂಥ ಕೋಣೆಯಲ್ಲಿ ಕೂತವನಿಗೆ ನೆಮ್ಮದಿ ಇರುವುದಿಲ್ಲ ಎಂದು ತೀರ್ಪು ಕೊಟ್ಟರು. ಮುರಳೀಧರ ಅದಕ್ಕೂ ಹೂಂ ಎಂದ. ಹೂಂ ಎಂದ ಮೇಲೆ ಮಾತು ಉಳಿಸಿಕೊಳ್ಳಬೇಕಲ್ಲ, ಸಮಿತಿಯ ಸಭೆಯಲ್ಲಿ ಆರ್ಕಿಟೆಕ್ಟ್ ಹೆಂಗಸಿನ ಮುಂದೆ ದಿಕ್ಕಿನ ಪ್ರಸ್ತಾಪ ಎತ್ತಿದ. ಆಕೆ ಅದನ್ನು ಬಿಸಿಲಿನ ಸದುಪಯೋಗದ ಪ್ರಶ್ನೆ ಎಂದುಕೊಂಡು ಬಹಳ ಮೆಚ್ಚಿದಳು.

“ನಿಮ್ ಕೈಲಿ ಏನಿದೆ ಅಂತ ಕಂಡೋರಿಗೆಲ್ಲ ಹೂಂ ಅಂತೀರಿ?” ಎಂದು ಹೆಂಡತಿ ಸೌಮ್ಯಾ ಕೇಳಿದಳು.

“ಡ್ಯಾಡ್, ಯು ಲಿಟರಲಿ ಜಸ್ಟ್ ಈಟ್ ಡೋನಟ್ಸ್ ದೇರ್,” ಎಂದಳು ಹೈಸ್ಕೂಲಿನ ಮಗಳು ಮಾನ್ಯಾ.

ಅತ್ತ ಈರಣ್ಣನವರು ಕಾರ್ಯಕಾರಿ ಸಮಿತಿ ಕರೆದು, ಕೌಂಟಿಯ ಮುಖಂಡರು ಸೆಲ್ಲುಗಳಿಗೆ ಹಣ ಮಂಜೂರು ಮಾಡಿದ ದಿನವೇ ಮುರಳೀಧರನಿಗೆ ಶಾಲು, ಹಾರ, ಫಲತಾಂಬೂಲ, ಮೈಸೂರು ಪೇಟ ಕೊಟ್ಟು ಸನ್ಮಾನಿಸಬೇಕೆಂದು ಗೊತ್ತು ಮಾಡಿಬಿಟ್ಟರು. ಸೆರೆಕೋಣೆ ಕಟ್ಟಿಸಿದ್ದಕ್ಕೆ ಪೇಟ ತೊಡಿಸಿಕೊಂಡವನು ಲೋಕದಲ್ಲಿ ಇನ್ನೊಬ್ಬನಿದ್ದಾನೋ ಇಲ್ಲವೋ, ತಿಳಿಯದು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಸರೋಜಿನಿ ಬಂದರು.

ಅವರನ್ನು ಬಾಗಿಲಲ್ಲಿ ಕಂಡ ಮುರಳೀಧರ ಅವಸರವಾಗಿ ಒಳಗೆ ಕರೆದು ಕೂರಿಸಿದ. ಸರೋಜಿನಿ ಉಡುಪಿ ಕಡೆಯವರು, ಒಂದು ಡೇಕೇರಿನಲ್ಲಿ ಕೆಲಸ. ಗಂಡ ರಘುಪತಿಯವರು ಕೋವಿಡ್ ಕಾಲದಲ್ಲಿ ತೀರಿಕೊಂಡಿದ್ದರು. ಹಿಂದಿನ ಬೇಸಿಗೆಯಲ್ಲಿ ಒಬ್ಬನೇ ಮಗ ಯತೀಶ್ ಕುಡಿದು ಕಾರು ಓಡಿಸಿ, ಸೈಕಲ್ಲಿನಲ್ಲಿ ಕೆಲಸದಿಂದ ಮನೆಗೆ ಹೋಗುತ್ತಿದ್ದ ಒಬ್ಬ ಮನುಷ್ಯನ ಸಾವಿಗೆ ಕಾರಣನಾಗಿದ್ದ. ಜಾಮೀನು ಸಿಗದೆ ಜೈಲಿನಲ್ಲಿದ್ದ, ವಿಚಾರಣೆ ಮುಂದಕ್ಕೆ ಮುಂದಕ್ಕೆ ಹೋಗುತ್ತಿತ್ತು. ಸಂಘದಲ್ಲಿ ಯಾರೂ ಅವರಿಗೆ ಬರಬೇಡಿ ಎಂದಿರಲಿಲ್ಲ. ಗಣೇಶನ ಹಬ್ಬದ ದಿನ ಅವರು ಕೂತ ಸಾಲಿನಿಂದ ಒಬ್ಬೊಬ್ಬರಾಗಿ ಎದ್ದು ಬೇರೆ ಸಾಲಿಗೆ ಹೋಗಿದ್ದರು, ಅಷ್ಟೆ. ಎದ್ದು ಹೋದವರಲ್ಲಿ ಮುರಳೀಧರನೂ ಒಬ್ಬ. ಈರಣ್ಣನವರು ಕೈ ಸನ್ನೆ ಮಾಡಿ ಕರೆದಿದ್ದರು, ಇವನಿಗೆ ಇಲ್ಲ ಎನ್ನಲು ಬಂದಿರಲಿಲ್ಲ.

ಸೌಮ್ಯಾ ಕಾಫಿ ತಂದಿಟ್ಟಳು. ಸರೋಜಿನಿ ಲೋಟ ಮುಟ್ಟಲಿಲ್ಲ.

“ಅವನನ್ನು ಬಿಡಿಸಿ ಕೊಡಿ ಅಂತ ಕೇಳ್ಲಿಕ್ಕೆ ಬಂದದ್ದಲ್ಲ ಮಾರಾಯ್ರೆ,” ಅಂದರು. “ಅವ ಮಾಡಿದ್ದು ತಪ್ಪೇ. ಆ ಮನುಷ್ಯನಿಗೂ ಒಬ್ಳು ತಾಯಿ ಇದ್ದಾಳೆ. ನಾನು ಬಂದದ್ದು ಬೇರೆ ವಿಷಯಕ್ಕೆ.”

ವಿಷಯ ಇಷ್ಟು. ಜೈಲಿನಲ್ಲಿ ಈಗ ಭೇಟಿ ಎಂದರೆ ಸ್ಕ್ರೀನಿನ ಮೇಲೆ ಮಾತ್ರ. ಮುಖ ಚೂರುಚೂರಾಗುತ್ತದೆ, ಬಾಯಿ ಮುಚ್ಚಿದ ಮೇಲೆ ಮಾತು ಕೇಳಿಸುತ್ತದೆ. ಕೋರ್ಟಿನೊಳಗೆ ಅವನು ಜಡ್ಜಿನ ಕಡೆ ಮುಖ ಮಾಡಿ ಕೂತಿರಬೇಕು, ಹಿಂದಿರುಗಿ ನೋಡುವಂತಿಲ್ಲ. ತಾಯಿಗೆ ಕಾಣುವುದು ಬೆನ್ನು. ಆದರೆ ಆ ಹಳೆಯ ಕಟ್ಟಡದಲ್ಲಿ ಫೈಲು ಕೋಣೆಯಿಂದ ಕೋರ್ಟಿನ ಬಾಗಿಲಿಗೆ ಬೇರೆ ದಾರಿ ಇಲ್ಲವಲ್ಲ, ಜನ ಕೂರುವ ಕಾರಿಡಾರಿನಲ್ಲೇ ಕೈದಿಗಳನ್ನು ನಡೆಸಿಕೊಂಡು ಹೋಗುತ್ತಾರೆ. ಸರೋಜಿನಿ ಬೆಳಗ್ಗೆಯೇ ಹೋಗಿ ಅಲ್ಲಿ ಕೂರುತ್ತಿದ್ದರು. ಆಗ ಮುಖ ಕಾಣುತ್ತಿತ್ತು. ಮಾತಾಡಬಾರದೆಂದು ನಿಯಮ. ಕಾವಲಿಗೆ ಜೊತೆಗೆ ಬರುವ ಡೆಪ್ಯುಟಿ ಪೊಲೀಸರು ಒಂದು ಮಾತಿಗೆ ಕಿವುಡರಾಗುತ್ತಿದ್ದರು.

“ಹೊಸ ಪ್ಲಾನನ್ನು ಅಲ್ಲಿಯ ಲಾಬಿಯಲ್ಲೇ ಇಟ್ಟಿದ್ದಾರೆ, ನೋಡ್ದೆ,” ಅಂದರು ಸರೋಜಿನಿ. “ವ್ಯಾನು ನೆಲಮಾಳಿಗೆಗೆ ಹೋಗ್ತದೆ. ಅಲ್ಲಿಂದ ಸೆಲ್ಲು, ಸೆಲ್ಲಿಂದ ಅವರದ್ದೇ ಮೆಟ್ಟಿಲು, ಸೀದಾ ಕೋರ್ಟಿನ ಒಳಗೆ. ಯಾರೂ ಯಾರನ್ನೂ ನೋಡುವ ಹಾಗೇ ಇಲ್ಲ. ಕಟ್ಬೇಡಿ ಅಂತ ನಾನು ಹೇಳೂದಿಲ್ಲ. ಆ ಸೋಡಾ ಮೆಷಿನ್ ಹತ್ರ ನಾಯಿಯ ಹಾಗೆ ಕೂರ್ಸೂದು ಅವನಿಗೂ ಒಳ್ಳೇದಲ್ಲ. ಆ ದಾರಿಯ ಗೋಡೆಯಲ್ಲಿ ಒಂದು ಗಾಜು ಇಡ್ಲಿಕ್ಕೆ ಆಗ್ತದಾ ಕೇಳಿ. ಒಂದೇ ಗಾಜು. ನೀವು ದೊಡ್ಡ ಕಮಿಟಿಯಲ್ಲಿ ಇದ್ದೀರಂತೆ, ಎಲ್ಲ ಹೇಳಿದ್ರು.”

ಮುರಳೀಧರ ಬಾಯಿ ತೆರೆದ. ತನ್ನ ಕೈಯಲ್ಲಿ ಏನೂ ಇಲ್ಲ, ತಾನು ಎಲೆಗಳ ವಿಷಯಕ್ಕೆ ಹೋದವನು ಎಂದು ಹೇಳಬೇಕೆಂದೇ ತೆರೆದದ್ದು. ಹೊರಟ ಮಾತು ಬೇರೆ.

“ಖಂಡಿತ ಮಾಡಿಸ್ತೀನಿ, ಸರೋಜಿನಿಯವ್ರೇ.”

ಅಡಿಗೆಮನೆಯಲ್ಲಿ ಸೌಮ್ಯಾ ಪಾತ್ರೆಯೊಂದನ್ನು ಅಗತ್ಯಕ್ಕಿಂತ ಜೋರಾಗಿ ಇಟ್ಟ ಸದ್ದು ಕೇಳಿಸಿತು. ಸರೋಜಿನಿ ಆಗ ಲೋಟ ಎತ್ತಿ, ಆರಿದ ಕಾಫಿಯನ್ನು ಪೂರ್ತಿ ಕುಡಿದರು.

ಆಶ್ಚರ್ಯವೆಂದರೆ, ಇದು ಆಗಬಹುದಾದ ಕೆಲಸವೇ ಆಗಿತ್ತು. ಆರ್ಕಿಟೆಕ್ಟ್ ಹೆಂಗಸು ಈಶಾನ್ಯದ ಪ್ರಸಂಗದಿಂದ ಮುರಳೀಧರನನ್ನು ಆಳವಾದ ಚಿಂತಕನೆಂದು ನಂಬಿದ್ದಳು. ಗಟ್ಟಿ ಗಾಜಿನ ಒಂದು ಸಣ್ಣ ಕಿಟಕಿಗೆ ಖರ್ಚು ಹೆಚ್ಚೇನಿಲ್ಲ, ಕೈದಿಗಳ ಕಾವಲಿನ ಹೊಣೆ ಹೊತ್ತ ಶೆರೀಫನ ಕಡೆಯವರು ಗೊಣಗುತ್ತಾರೆ, ಆದರೆ ಹಣ ಮಂಜೂರು ಮಾಡುವ ಮಂಡಳಿಯೇ ಹೇಳಿದರೆ ಅವರೂ ಸುಮ್ಮನಾಗುತ್ತಾರೆ ಎಂದಳು. ಮಂಡಳಿಯ ಅಧ್ಯಕ್ಷೆ ಮಿಸೆಸ್ ಹಾಲಿಸ್ ಕರುಳಿರುವ ಹೆಂಗಸು. ಮತಕ್ಕೆ ಹಾಕುವ ಮುಂಚೆ ಊರವರು ಮಾತಾಡಲು ಅವಕಾಶವಿದೆ. ಹೋಗಿ ಆ ತಾಯಿಯ ವಿಷಯ ಹೇಳಿ, ಅಷ್ಟು ಸಾಕು ಎಂದಳು. ಒಬ್ಬೊಬ್ಬರಿಗೆ ಮೂರು ನಿಮಿಷ.

ಮುರಳೀಧರ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಭಾಷಣವನ್ನು ಪ್ರಾಮಾಣಿಕವಾಗಿ ತಯಾರು ಮಾಡಿದ. ಊಟದ ಮೇಜಿನ ತುದಿಯಲ್ಲಿ ನಿಂತು ಒಪ್ಪಿಸುತ್ತಿದ್ದ. ಮಾನ್ಯಾ ಫೋನಿನಲ್ಲಿ ಸಮಯ ಹಿಡಿದು, ಇದು ಬೇಡ, ಅದು ಬೇಡ ಎಂದು ಕತ್ತರಿಸುತ್ತಿದ್ದಳು. ಕೊನೆಗೆ ಉಳಿದದ್ದು ಚೆನ್ನಾಗಿತ್ತು. ಕೇಳಿದ ಸೌಮ್ಯಾ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. “ಜಸ್ಟ್ ಸ್ಟಾರ್ಟ್ ವಿತ್ ದ ಮದರ್, ಡ್ಯಾಡ್,” ಎಂದಳು ಮಾನ್ಯಾ. “ನಥಿಂಗ್ ಬಿಫೋರ್ ದಟ್. ಅಮ್ಮನಿಂದ ಸ್ಟಾರ್ಟ್ ಮಾಡು. ಪ್ರಾಮಿಸ್?”

ಮುರಳೀಧರ ಹೂಂ ಎಂದ.

ಮಂಡಳಿಯ ಸಭಾಂಗಣಕ್ಕೆ ಸಾಮಾನ್ಯವಾಗಿ ಬರುವವರು ಬೆರಳೆಣಿಕೆಯ ಜನ. ಏಪ್ರಿಲಿನ ಆ ಸಂಜೆ ಕನ್ನಡ ಸಂಘ ಬಂದಿತ್ತು. ರೇಷ್ಮೆ ಸೀರೆ, ಜರಿಯ ಅಂಚು, ಮಲ್ಲಿಗೆಯ ವಾಸನೆ, ಫ್ಲಾಸ್ಕಿನಲ್ಲಿ ಚಹಾ. ಕೌಂಟಿಯ ಸಿಬ್ಬಂದಿ ಯಾವುದೋ ಮದುವೆ ದಿಬ್ಬಣ ದಾರಿ ತಪ್ಪಿ ಇಲ್ಲಿಗೆ ಬಂದಿದೆ ಎಂದುಕೊಂಡು ಹೆಚ್ಚಿನ ಕುರ್ಚಿ ತಂದು ಹಾಕಿದರು. ಈರಣ್ಣನವರು ಪೇಟ, ಶಾಲು ಇದ್ದ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತರು. ಸರೋಜಿನಿ ಕಟ್ಟಕಡೆಯ ಸಾಲಿನಲ್ಲಿ ಒಬ್ಬರೇ ಇದ್ದರು. ಅವರ ಮುಂದಿನ ಎರಡು ಸಾಲು ಖಾಲಿ.

ಮುರಳೀಧರನ ಹೆಸರು ಕೂಗಿದರು. ಅವನು ಎದ್ದು ಹೋಗಿ ಮೈಕಿನ ಮುಂದೆ ನಿಂತು ತಲೆ ಎತ್ತಿದ.

ಇಲ್ಲಿ ಓದುಗರು ಒಂದು ವಿಷಯ ತಿಳಿದಿರಬೇಕು. ಕಳೆದ ಹತ್ತು ವರ್ಷಗಳಿಂದ ಸಂಘದ ಪ್ರತಿಯೊಂದು ಸಮಾರಂಭದಲ್ಲೂ ಸ್ವಾಗತ ಭಾಷಣ ಮಾಡುತ್ತಿದ್ದವನು ಈ ಮುರಳೀಧರನೇ. ಬೇರೆ ಯಾರೂ ಒಪ್ಪದ ಕೆಲಸ, ಆದ್ದರಿಂದ ಅವನದು. ಈಗ ಎದುರಿಗೆ ಎತ್ತರದ ವೇದಿಕೆ. ವೇದಿಕೆಯ ಮೇಲೆ ಏಳು ಜನ ಗಣ್ಯರು. ಒಬ್ಬೊಬ್ಬರ ಮುಂದೆ ಹೆಸರಿನ ಫಲಕ, ನೀರಿನ ಬಾಟಲಿ. ಬೆನ್ನ ಹಿಂದೆ ರೇಷ್ಮೆಯ ಸರಸರ, ಈರಣ್ಣನವರ ಕೆಮ್ಮು. ವೇದಿಕೆಯನ್ನು ಕಂಡು, ಅದರ ಮೇಲಿದ್ದವರನ್ನು ಹೆಸರಿಸದೆ ಮಾತು ಶುರು ಮಾಡುವುದೆಂದರೆ ಅವನ ಮಟ್ಟಿಗೆ ಅಂಗಿಯಿಲ್ಲದೆ ಬೀದಿಗೆ ಬಂದಂತೆ. ತಾಯಿಯಿಂದ ಶುರು ಮಾಡಬೇಕೆಂದು ಮನಸ್ಸು ಹೇಳಿತು. ನಾಲಗೆ ಅದಕ್ಕೆ ಮೊದಲೇ ಹೊರಟುಹೋಗಿತ್ತು.

ಸನ್ಮಾನ್ಯ ಅಧ್ಯಕ್ಷೆ ಮಿಸೆಸ್ ಹಾಲಿಸ್ ಅವರೇ, ಎಂದು ಇಂಗ್ಲಿಷಿನಲ್ಲಿ ಆರಂಭಿಸಿದ. ಆಮೇಲೆ ಎಡದಿಂದ ಬಲಕ್ಕೆ ಆರು ಸದಸ್ಯರು, ಒಬ್ಬೊಬ್ಬರಿಗೂ ಹೆಸರು, ಒಬ್ಬೊಬ್ಬರಿಗೂ ತಕ್ಕ ವಿಶೇಷಣ. ಒಬ್ಬರು ಸರಳ ಸಜ್ಜನರು, ಇನ್ನೊಬ್ಬರು ಸದಾ ಹಸನ್ಮುಖಿ. ಅವರನ್ನು ಅವನು ಅದೇ ಮೊದಲ ಸಲ ನೋಡುತ್ತಿದ್ದ. ಅವರಾದ ಮೇಲೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಗುಮಾಸ್ತೆ, ಕೈಸನ್ನೆಯ ಭಾಷೆಯಲ್ಲಿ ಅನುವಾದಿಸುತ್ತಿದ್ದ ಹೆಂಗಸು. ತನ್ನ ಹೆಸರು ಬಂದಾಗ ಆಕೆ ಅದನ್ನೂ ಸನ್ನೆಯಲ್ಲೇ ಅನುವಾದಿಸಬೇಕಾಯಿತು. ಮೈಕಿನ ಮೇಲೆ, ಸಮಯ ಮುಗಿಯುತ್ತ ಬಂತು ಎನ್ನುವ ಹಳದಿ ದೀಪ ಹತ್ತಿದಾಗ ಅವನು ಶೆರೀಫರ ಇಲಾಖೆಯ ಅವಿರತ ಸೇವೆಯನ್ನು ಸ್ಮರಿಸುತ್ತಿದ್ದ. ದೀಪ ಕಂಡಿತು. ಆದರೆ ದೂರದಿಂದ ಬಂದ ಡಾಕ್ಟರ್ ಈರಣ್ಣನವರನ್ನು ಬಿಟ್ಟರೆ ಹೇಗೆ? ಬಾಟಲಿಯಲ್ಲಿ ನೀರು ತಂದಿಟ್ಟ ಯುವಕನನ್ನು, ಎದೆಯ ಮೇಲಿನ ಹೆಸರು ಓದಿ, ಸೇರಿಸಿದ. ಈ ಸುವರ್ಣಾವಕಾಶಕ್ಕೆ ಋಣಿ ಎಂದ. ಬೆವರು ಒರೆಸಿಕೊಂಡ. ಇಷ್ಟು ಹೇಳಿ ಈಗ ವಿಷಯಕ್ಕೆ ಬರುತ್ತೇನೆ ಎಂದ.

“ದೇರ್ ಈಸ್ ಎ ಮದರ್,” ಎಂದ.

ಕೆಂಪು ದೀಪ ಹತ್ತಿತು. ಮೈಕು ತಾನಾಗಿ ನಿಂತುಹೋಯಿತು. ಮುರಳೀಧರನ ತುಟಿ ಇನ್ನೂ ಸ್ವಲ್ಪ ಹೊತ್ತು ಆಡುತ್ತಿತ್ತು.

ಮಿಸೆಸ್ ಹಾಲಿಸ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಈ ಕುರ್ಚಿಯಲ್ಲಿ ಕೂತಾಗಿನಿಂದ ಜನ ನಮ್ಮನ್ನು ಬೈದದ್ದನ್ನು ಮಾತ್ರ ಕೇಳಿದ್ದೇನೆ, ಹೀಗೆ ಒಬ್ಬರು ಎದ್ದು ನಿಂತು ಎಲ್ಲರಿಗೂ ಕೃತಜ್ಞತೆ ಹೇಳಿದ್ದು ಇದೇ ಮೊದಲು, ನಿಮ್ಮ ತಾಯಿ ನಿಮ್ಮನ್ನು ಬಹಳ ಚೆನ್ನಾಗಿ ಬೆಳೆಸಿದ್ದಾರೆ ಎಂದಳು. ಸಭಾಂಗಣವಿಡೀ ಚಪ್ಪಾಳೆ. ಹಸನ್ಮುಖಿ ಸದಸ್ಯ ಈ ಮೂರು ನಿಮಿಷದ ವಿಡಿಯೋ ತನಗೆ ಬೇಕೆಂದ. ಆಮೇಲೆ ಸೆಲ್ಲುಗಳ ಪ್ಲಾನನ್ನು, ಇದ್ದದ್ದು ಇದ್ದ ಹಾಗೆ, ಒಂದೂ ಎದುರು ಮತವಿಲ್ಲದೆ ಮಂಜೂರು ಮಾಡಿದರು.

ಲಾಬಿಯಲ್ಲಿ ಈರಣ್ಣನವರು ತಡಮಾಡಲಿಲ್ಲ. ಪೇಟ ತಲೆಗೆ ಬಂತು, ಶಾಲು ಹೆಗಲಿಗೆ. ಪ್ರತಾಪ್ ಫೋಟೋ ತೆಗೆದ. ಇಂಥ ಭಾಷಣ ತಾವು ಎರಡೂ ದೇಶದಲ್ಲಿ ಕೇಳಿಲ್ಲವೆಂದು ಈರಣ್ಣನವರು ಸಾರಿದರು, ತಮ್ಮ ಹೆಸರು ಸರಕಾರದ ದಾಖಲೆಗೆ ಹೋದದ್ದಕ್ಕೆ ಕೈ ಹಿಡಿದು ಕುಲುಕಿದರು. ಸೌಮ್ಯಾ ಗೋಡೆಗೆ ಒರಗಿ ನಿಂತಿದ್ದಳು. ಮಾನ್ಯಾ ಅಪ್ಪನ ಕಡೆ ನೋಡಲಿಲ್ಲ.

ಗುಂಪು ಸರಿದು ದಾರಿಯಾಯಿತು. ಸರೋಜಿನಿ ಬರುತ್ತಿದ್ದರು. ಅವರು ಬಂದಾಗ ಜನ ಹಾಗೆ ಸರಿಯುವುದು ಗೌರವಕ್ಕಲ್ಲ.

“ನೀವು ಎಲ್ಲರ ಹೆಸರೂ ಹೇಳಿದ್ರಿ,” ಅಂದರು ಅವರು ಮೆತ್ತಗೆ. “ನೀರು ಇಟ್ಟ ಹುಡುಗನದ್ದೂ ಹೇಳಿದ್ರಿ.”

“ಸರೋಜಿನಿಯವ್ರೇ, ನಾನು...” ಎಂದ ಮುರಳೀಧರ. ಪೇಟ ಹುಬ್ಬಿನವರೆಗೂ ಇಳಿದಿತ್ತು.

“ಇರ್ಲಿ. ತಾಯಿ ಇದ್ದಾಳೆ ಅಂತ ಇಷ್ಟಾದ್ರೂ ಹೇಳ್ಲಿಕ್ಕೆ ಎದ್ದು ನಿಂತದ್ದು ನೀವು ಒಬ್ಬರೇ,” ಅಂದರು. ಅವನ ಹೆಗಲಿನಿಂದ ಜಾರುತ್ತಿದ್ದ ಶಾಲಿನ ತುದಿಯನ್ನು ಎತ್ತಿ ಸರಿಮಾಡಿ, ಕಾರಿನ ಕಡೆ ನಡೆದರು.

ಆಮೇಲೆ ಮುರಳೀಧರ ಮಿಸೆಸ್ ಹಾಲಿಸ್‌ಗೆ ಇಮೇಲ್ ಬರೆದ. ಎರಡು ಸಲ ಬರೆದ, ತಾಯಿಯಿಂದಲೇ ಶುರು ಮಾಡಿ. ಪ್ಲಾನಿಗೆ ಈಗಾಗಲೇ ಒಪ್ಪಿಗೆಯಾಗಿದೆ, ಬದಲಿಸಲಾಗದು, ವಿಷಾದವಿದೆ ಎಂದು ಉತ್ತರ ಬಂತು. ಕೊನೆಯಲ್ಲಿ, ಸೆಲ್ಲುಗಳ ಉದ್ಘಾಟನೆಯ ದಿನ ಸ್ವಾಗತ ಭಾಷಣ ತಾವೇ ಮಾಡಬೇಕೆಂಬ ಕೋರಿಕೆಯಿತ್ತು. ಅವನು ಅದಕ್ಕೆ ಉತ್ತರ ಬರೆಯಲಿಲ್ಲ. ಮುರಳೀಧರನ ಮಟ್ಟಿಗೆ ಅದು ‘ಇಲ್ಲ’ ಎಂದದ್ದಕ್ಕೆ ಸಮ.

ಜೂನ್ ತಿಂಗಳಲ್ಲಿ ಯತೀಶನ ಮುಂದಿನ ವಿಚಾರಣೆ ಬಂತು. ಕಾರಿಡಾರನ್ನು ಮರುದಿನದಿಂದ ಮುಚ್ಚುವವರಿದ್ದರು. ಕೆಲಸ ಮುಗಿಯುವವರೆಗೆ ಕೈದಿಗಳ ವಿಚಾರಣೆಯೆಲ್ಲ ಜೈಲಿನಿಂದಲೇ, ಸ್ಕ್ರೀನಿನ ಮೇಲೆ. ಮುರಳೀಧರ ಆಫೀಸಿಗೆ ರಜೆ ಹಾಕಿ, ಕರೆಯದಿದ್ದರೂ ಹೋಗಿ, ಕೋರ್ಟಿನ ಕಾರಿಡಾರಿನಲ್ಲಿ ಸರೋಜಿನಿಯವರ ಪಕ್ಕ ಬೆಂಚಿನ ಮೇಲೆ ಕೂತ. ಅವರು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಬಿಟ್ಟರು. ಗೋಡೆಯ ಮೇಲೆ ಎಲ್ಲಿ ಒಡೆಯಬೇಕೆಂದು ನೀಲಿ ಟೇಪು ಅಂಟಿಸಿದ್ದರು.

ಫೈಲು ಕೋಣೆಯ ಬಾಗಿಲು ತೆರೆಯಿತು. ಇಬ್ಬರು ಡೆಪ್ಯುಟಿಗಳ ನಡುವೆ ಯತೀಶ್ ಬಂದ. ಸೊಂಟಕ್ಕೆ ಸರಪಳಿ, ಅದಕ್ಕೆ ಸೇರಿಸಿದ ಕೈಗಳು. ಚಿಕ್ಕವನಿದ್ದಾಗ ಸಂಘದ ನಾಟಕದಲ್ಲಿ ಮರದ ಪಾತ್ರ ಮಾಡಿ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಪಿಳಿಪಿಳಿ ನೋಡುತ್ತಿದ್ದ ಹುಡುಗ. ಈಗ ಗಡ್ಡ ಬಿಟ್ಟಿದ್ದ, ತೆಳ್ಳಗಾಗಿದ್ದ. ಬೆಂಚಿನ ಹತ್ತಿರ ಬಂದಾಗ ಹೆಜ್ಜೆ ನಿಧಾನವಾಯಿತು. ಡೆಪ್ಯುಟಿಗಳೂ ಯಾಕೋ ನಿಧಾನವಾದರು. ಅವರಿಗೂ ಅದು ಕೊನೆಯ ಸಲವೆಂದು ಗೊತ್ತಿತ್ತೇನೋ.

“ಊಟ ಆಯ್ತಾ ಮಗಾ?” ಅಂದರು ಸರೋಜಿನಿ.

ಬೆಳಗಿನ ಹೊತ್ತು. ಊಟದ ವೇಳೆಯೇ ಅಲ್ಲ.

“ಆಯ್ತು ಅಮ್ಮ,” ಅಂದ ಯತೀಶ್. “ನಿಂದು?”

“ಆಯ್ತು.”

ಕೋರ್ಟಿನ ಬಾಗಿಲು ಅವನನ್ನು ಒಳಗೆ ತೆಗೆದುಕೊಂಡು ಮುಚ್ಚಿತು. ಸರೋಜಿನಿ ಒಳಗೆ ಹೋಗಿ ಬೆನ್ನು ನೋಡಲೆಂದು ಎದ್ದರು. ಮುರಳೀಧರನೂ ಎದ್ದ. ಇಬ್ಬರೂ ಎದ್ದದ್ದನ್ನು ಕಂಡು, ಅಷ್ಟು ಹೊತ್ತೂ ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ ಕೆಲಸದವನೊಬ್ಬ ಹತ್ತಿರ ಬಂದ. ಬೆಂಚನ್ನು ಹೊರಗೆ ಸಾಗಿಸಬೇಕು, ಜೊತೆಯವನು ಇನ್ನೂ ಬಂದಿಲ್ಲ, ಆ ತುದಿಯನ್ನು ಒಂಚೂರು ಹಿಡಿಯುತ್ತೀರಾ ಎಂದು ಮುರಳೀಧರನನ್ನು ಬಹಳ ಮರ್ಯಾದೆಯಿಂದ ಕೇಳಿದ.

ಮುರಳೀಧರ ಬಗ್ಗಿ ಬೆಂಚಿನ ಆ ತುದಿಯನ್ನು ಎತ್ತಿಕೊಂಡ. ಹಿಮ್ಮುಖವಾಗಿ ಹೆಜ್ಜೆ ಇಡುತ್ತ, ಗೋಡೆಗೆ ತಾಗದಂತೆ ಜೋಪಾನವಾಗಿ, ಅದನ್ನು ಹೊರಗೆ ಸಾಗಿಸತೊಡಗಿದ. ಕೋರ್ಟಿನೊಳಗೆ ಹೊರಟಿದ್ದ ಸರೋಜಿನಿ ತಿರುಗಿ ಬಂದು, ಮುಂದೆ ಹೋಗಿ ಮುಂಬಾಗಿಲು ತೆರೆದು ಹಿಡಿದರು.